ಕಸದ ಗುಡ್ಡದ ಮೇಲಿನ ತಾಳೆವನ

ಸಾಂತಾ ಕ್ರೂಸ್ ದೆ ತೆನೆರಿಫೆ ನಗರಕ್ಕೆ ನಾನು ಮರಗಳನ್ನು ನೋಡಬೇಕೆಂದು ಹೋದವನಲ್ಲ. ಆಫ್ರಿಕದ ವಾಯವ್ಯ ಕರಾವಳಿಯ ಆಚೆ, ಅಟ್ಲಾಂಟಿಕ್ ಸಾಗರದ ನಡುವೆ ಇದ್ದರೂ ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಿಗೆ ಬರುವವರೆಲ್ಲ ತೈದೆ ಜ್ವಾಲಾಮುಖಿಯನ್ನು ನೋಡುತ್ತಾರೆ; ನಾನೂ ನೋಡಿದ್ದೆ. ಹಿಂದಿರುಗುವ ಮುನ್ನ ಒಂದು ದಿನ ಉಳಿದಿತ್ತು. ಸಾಂತಿಯಾಗೊ ಕಲಾತ್ರಾವಾ ವಿನ್ಯಾಸ ಮಾಡಿದ, ಮಗುಚಿ ಬೀಳಲಿರುವ ಅಲೆಯೊಂದು ಹಾಗೆಯೇ ಹೆಪ್ಪುಗಟ್ಟಿದಂತೆ ಕಾಣುವ ಬಿಳಿಯ ಸಂಗೀತ ಸಭಾಂಗಣವನ್ನು ಸುತ್ತುಹಾಕಿ, ಅದರ ಪಕ್ಕದ ಕರಿಗಲ್ಲಿನ ಹಳೆಯ ಕೋಟೆಯನ್ನೂ ನೋಡಿ, ಸಮುದ್ರದ ಅಂಚಿನಲ್ಲೇ ದಕ್ಷಿಣಕ್ಕೆ ನಡೆದಾಗ, ಸಾರ್ವಜನಿಕ ಈಜುಕೊಳಗಳ ಹಿಂದೆ ಒಂದು ಗುಡ್ಡ ಎದುರಾಯಿತು. ಸುತ್ತಲಿನ ನೆಲವೆಲ್ಲ ಸಮತಟ್ಟಾಗಿರುವಾಗ ಅದೊಂದು ಮಾತ್ರ ಯಾರೋ ತಂದು ಸುರಿದಂತೆ ಎದ್ದು ನಿಂತಿತ್ತು. ಅದು ನಿಜಕ್ಕೂ ತಂದು ಸುರಿದದ್ದೇ ಎಂದು ತಿಳಿದದ್ದು ಆಮೇಲೆ.

ಗುಡ್ಡದ ನೆತ್ತಿಯ ಮೇಲೆ ಆಕಾಶಕ್ಕೆ ಒತ್ತಿದಂತೆ ಗರಿಗಳ ತುರಾಯಿಗಳು ಕಾಣುತ್ತಿದ್ದವು. ಅವುಗಳಲ್ಲಿ ಕೆಲವು ಬೀಸಣಿಗೆಯಂತೆ ದುಂಡಗೆ, ಕೆಲವು ತೆಂಗಿನ ಗರಿಯಂತೆ ಉದ್ದಕ್ಕೆ, ಒಂದೆರಡು ಬೂದಿ ಬಳಿದಂತೆ ಬೆಳ್ಳಗೆ ಇದ್ದವು. ಈಜುಕೊಳದ ಬಾಗಿಲಲ್ಲಿ ಜನ ಸಾಲುಗಟ್ಟಿದ್ದರು. ಗುಡ್ಡದ ಬಾಗಿಲಲ್ಲಿ ಚೀಟಿ ಕೊಡುವವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಲ್ಲಿ ಬರೆದಿದ್ದ ಹೆಸರು ‘ಪಾಲ್ಮೇತುಮ್’. ತಾಳೆ ಕುಲದ ಮರಗಳಿಗಾಗಿಯೇ ಬೆಳೆಸಿದ ವನಕ್ಕೆ ಲ್ಯಾಟಿನ್ ಮೂಲದ ಈ ಹೆಸರಿದೆ. ತಾಳೆವನ ಎಂದರೆ ನಮಗೆ ಸಾಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಜಾಗ ಊರಿನ ತಿಪ್ಪೆಯಾಗಿತ್ತು. ನಗರದ ಕಸವನ್ನು ವರ್ಷಗಟ್ಟಲೆ ಇಲ್ಲಿಯೇ ತಂದು ಸುರಿದು, 1980ರ ದಶಕದಲ್ಲಿ ಅದನ್ನು ಮುಚ್ಚುವ ಹೊತ್ತಿಗೆ ಸಮುದ್ರದ ದಡದಲ್ಲಿ ಒಂದು ಗುಡ್ಡವೇ ಎದ್ದಿತ್ತು. 1990ರ ದಶಕದ ಮಧ್ಯಭಾಗದಲ್ಲಿ ಯುರೋಪಿನ ಒಕ್ಕೂಟದ ಹಣದ ನೆರವಿನಿಂದ ಅದರ ಮೇಲೆ ಮಣ್ಣು ಹಾಸಿ, ಸುಮಾರು 12 ಹೆಕ್ಟೇರ್ ವಿಸ್ತಾರದಲ್ಲಿ ಜಗತ್ತಿನ ನಾನಾ ಭಾಗಗಳ ತಾಳೆ ಜಾತಿಗಳನ್ನು ನೆಡಲಾರಂಭಿಸಿದರು. ಕೆಲವೇ ವರ್ಷಗಳಲ್ಲಿ ಹಣ ನಿಂತಿತು, ಕೆಲಸವೂ ನಿಂತಿತು. ನೆಟ್ಟ ಸಸಿಗಳು ಅರೆಬರೆ ಆರೈಕೆಯಲ್ಲಿ, ಮುಚ್ಚಿದ ಬಾಗಿಲ ಒಳಗೆ, ವರ್ಷಗಳನ್ನು ಕಳೆದವು. ಆಮೇಲೆ ಮತ್ತೆ ಕೆಲಸ ಕೈಗೆತ್ತಿಕೊಂಡು, ಕೊನೆಗೆ ತೋಟ ಸಾರ್ವಜನಿಕರಿಗೆ ತೆರೆದದ್ದು 2014ರ ಜನವರಿಯಲ್ಲಿ. ವರ್ಷಕ್ಕೆ 250 ಮಿಲಿಮೀಟರ್ ಮಳೆಯೂ ಬೀಳದ ಊರಿನಲ್ಲಿ, ಉಪ್ಪುಗಾಳಿಗೆ ಎದುರಾದ ಗುಡ್ಡದ ಮೇಲೆ, ಎಳೆಯ ಸಸಿಗಳು ಆ ನಡುಗಾಲವನ್ನು ಹೇಗೆ ದಾಟಿದವು ಎಂಬುದೇ ಆ ದಿನವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದ್ದ ಪ್ರಶ್ನೆ.

ತೋಟವನ್ನು ಭೂಪಟದಂತೆ ಹಂಚಿದ್ದಾರೆ. ಆಸ್ಟ್ರೇಲಿಯ, ಮಡಗಾಸ್ಕರ್, ದಕ್ಷಿಣ ಅಮೆರಿಕ ಎಂದು ಆಯಾ ಪ್ರದೇಶದ ಮರಗಳು ಒಂದೊಂದು ಕಡೆ ಗುಂಪಾಗಿವೆ. ದೂರದಿಂದ ಬೂದಿ ಬಳಿದಂತೆ ಕಂಡದ್ದು ಮಡಗಾಸ್ಕರಿನ ಬಿಸ್ಮಾರ್ಕಿಯಾ. ಹತ್ತಿರ ಹೋದರೆ ಅದರ ಎಲೆಗೆ ಮೇಣದ ಲೇಪ ಇರುವುದು ಕಾಣುತ್ತದೆ. ಮಾರಿಷಸ್ಸಿಗೆ ಸೇರಿದ ರೌಂಡ್ ದ್ವೀಪದ ಸೀಸೆತಾಳೆ ಬುಡದಲ್ಲಿ ಹೂಜಿಯಂತೆ ಉಬ್ಬಿದೆ. ಮನುಷ್ಯರು ತಂದು ಬಿಟ್ಟ ಆಡುಗಳೂ ಮೊಲಗಳೂ ತವರಿನಲ್ಲಿ ಅದರ ಸಸಿಗಳನ್ನು ತಿಂದು ಮುಗಿಸಿದ್ದರಿಂದ, ಅದು ಈಗ ಕಾಡಿಗಿಂತ ಜಗತ್ತಿನ ತೋಟಗಳಲ್ಲೇ ಹೆಚ್ಚಾಗಿ ಉಳಿದಿದೆ.

ಕೆರಿಬಿಯನ್ ದ್ವೀಪಗಳ ವಿಭಾಗದಲ್ಲಿ ನಾನು ಬೇರೆಲ್ಲ ಕಡೆಗಿಂತ ಹೆಚ್ಚು ಹೊತ್ತು ಕಳೆದೆ. ತೋಟದ ನಿಜವಾದ ಸಿರಿ ಇಲ್ಲಿದೆ ಎಂದು ನನ್ನ ಅನಿಸಿಕೆ. ಕ್ಯೂಬಾದ ಪಶ್ಚಿಮ ಭಾಗದ ಕೊಕೊತ್ರಿನಾಕ್ಸ್ ಕ್ರಿನಿಟಾ ಎಂಬ ಮರಕ್ಕೆ ಬುಡದಿಂದ ಗರಿಗಳವರೆಗೂ ಕಂದುಬಣ್ಣದ ಉದ್ದನೆಯ ಕೂದಲು ಇಳಿಬಿದ್ದಿರುತ್ತದೆ. ಕ್ಷೌರಿಕನನ್ನೇ ಕಾಣದ ಮುದುಕನೊಬ್ಬ ಬಿಸಿಲಲ್ಲಿ ನಿಂತಂತೆ. ಆ ಕೂದಲು ಬೇರೇನಲ್ಲ, ಎಲೆಯ ಬುಡದ ಹಾಳೆ ಕಳಚಿ ಬೀಳದೆ ನಾರುನಾರಾಗಿ ಉಳಿದದ್ದು. ಬಹಳ ನಿಧಾನವಾಗಿ ಬೆಳೆಯುವ ಈ ಮರ ಕಾಡಿನಲ್ಲಿ ಅಳಿವಿನ ಅಂಚಿನಲ್ಲಿದೆ. ಪಕ್ಕದ ಕೋಪರ್ನಿಸಿಯಾ ಮರಗಳ ಕಾಂಡ ಸಿಮೆಂಟಿನ ಕಂಬದಷ್ಟು ನುಣುಪು. ಬಡ ನೆಲದಲ್ಲಿ, ತಿಂಗಳುಗಟ್ಟಲೆ ಮಳೆಯಿಲ್ಲದ ಕಡೆ ಹುಟ್ಟಿ ಬೆಳೆದ ಇಂತಹ ಜಾತಿಗಳಿಗೆ ಇಲ್ಲಿನ ಬರ ಹೊಸದಾಗಿರಲಾರದು.

ತಾಳೆ ಕುಲಕ್ಕೆ ತಾಯಿಬೇರು ಇರುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಬುಡದ ಸುತ್ತ ನೂರಾರು ನಾರುಬೇರುಗಳು ಹೊರಟು ಮೇಲ್ಮಣ್ಣಿನಲ್ಲೇ ಹರಡುತ್ತವೆ. ಕಸದ ರಾಶಿಯ ಮೇಲೆ ಹಾಸಿದ ಮಣ್ಣಿನ ಹೊದಿಕೆಯನ್ನು ನೆಚ್ಚಿ ಬದುಕಬೇಕಾದಾಗ, ಆಳಕ್ಕೆ ಇಳಿಯಲೇಬೇಕಾದ ಮರಕ್ಕಿಂತ ಇಂತಹ ಮರಕ್ಕೆ ಅನುಕೂಲ ಹೆಚ್ಚು. ಆದರೆ ಈ ಕುಲದ ದೌರ್ಬಲ್ಯವೂ ಅಷ್ಟೇ ದೊಡ್ಡದು. ಮಾವು ಹಲಸುಗಳಂತೆ ಕೊಂಬೆ ಕಡಿದರೆ ಇನ್ನೊಂದು ಕಡೆ ಚಿಗುರುವ ಉಪಾಯ ಒಂಟಿ ಕಾಂಡದ ತಾಳೆಗೆ ಗೊತ್ತಿಲ್ಲ. ತುದಿಯ ಸುಳಿ ಹೋದರೆ ಮರವೇ ಹೋಯಿತು. ನಮ್ಮ ತೆಂಗಿನ ರೈತರನ್ನು ಕಾಡುವ ಕೆಂಪು ಮೂತಿಹುಳು ಸುಳಿಯನ್ನೇ ಕೊರೆಯುವುದರಿಂದ ಅಷ್ಟು ಭಯ. ಅದೇ ಹುಳು 2005ರಲ್ಲಿ ಕ್ಯಾನರಿ ದ್ವೀಪಗಳಲ್ಲೂ ಕಾಣಿಸಿಕೊಂಡಿತ್ತು. ಇಲ್ಲಿನ ಸ್ವಂತ ಮರ, ನಮ್ಮ ಈಚಲಿನ ದಾಯಾದಿಯಾದ ಕ್ಯಾನರಿ ಖರ್ಜೂರವೇ ಅದಕ್ಕೆ ಇಷ್ಟವಾದ ಆಹಾರ. ಮರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹುಳು ಹಿಡಿದವನ್ನು ಕಡಿದು ನಾಶಮಾಡಿ, 2016ರಲ್ಲಿ ಅದನ್ನು ದ್ವೀಪಗಳಿಂದ ನಿರ್ಮೂಲ ಮಾಡಲಾಯಿತೆಂದು ಘೋಷಿಸಿದರು. ಇದನ್ನು ಸಾಧಿಸಿದ ಪ್ರದೇಶಗಳು ಜಗತ್ತಿನಲ್ಲಿ ತೀರ ವಿರಳ.

ನೆರಳು ತೇವ ಬೇಡುವ ಸೂಕ್ಷ್ಮ ಜಾತಿಗಳಿಗಾಗಿ ನೆಲಮಟ್ಟದಿಂದ ತುಸು ಕೆಳಗೆ ಎಂಟು ಮೂಲೆಯ ಒಂದು ನೆರಳುಮನೆ ಕಟ್ಟಿದ್ದಾರೆ. ಒಳಗೆ ನೀರಿನ ಸದ್ದು ಹಿತವಾಗಿತ್ತು, ನಿಜ. ಆದರೂ ನನಗೆ ಹೊರಗಿನ ಬಿಸಿಲೇ ಹೆಚ್ಚು ಹಿಡಿಸಿತು. ಹೊರಗೆ ಒಣಗಿದ ಸೋಗೆಗಳನ್ನು ರಾಶಿ ಹಾಕುತ್ತಿದ್ದ ಹಿರಿಯ ಮಾಲಿಯೊಬ್ಬರನ್ನು ಕೈಸನ್ನೆಯಲ್ಲಿ ಮಾತಾಡಿಸಿದೆ. ಅವರು ಕಾಲಿನಿಂದ ನೆಲವನ್ನು ಎರಡು ಬಾರಿ ತಟ್ಟಿ ‘ಬಸೂರಾ, ಬಸೂರಾ’ ಎಂದರು. ಕಸ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಇರುವ ಆ ಪದ ನನಗೆ ಗೊತ್ತಿತ್ತು. ಅನಂತರ ಅವರು ಹೇಳಿದ ಉದ್ದನೆಯ ಮಾತಿನಲ್ಲಿ ನನಗೆ ಅರ್ಥವಾದದ್ದು ಏನೂ ಇಲ್ಲ. ಅವರ ಬೆರಳು ಪಕ್ಕದ ತೆಂಗಿನ ಮರವನ್ನು ತೋರಿಸುತ್ತಿತ್ತು ಎಂಬುದಷ್ಟೇ ಗೊತ್ತಾಯಿತು.

ಆ ತೆಂಗಿನ ಕಾಂಡ ಬುಡದಲ್ಲಿ ದಪ್ಪವಾಗಿದ್ದು, ನನ್ನ ಮೊಣಕಾಲಿನ ಮಟ್ಟದಿಂದ ಎದೆಯ ಮಟ್ಟದವರೆಗೆ ಸೊಂಟ ಕಟ್ಟಿದಂತೆ ಸಣ್ಣಗಾಗಿ, ಅಲ್ಲಿಂದ ಮೇಲೆ ಮತ್ತೆ ತುಂಬಿಕೊಂಡಿತ್ತು. ತೆಂಗು ಅಡಿಕೆಗಳ ಕಾಂಡ ಬೇರೆ ಮರಗಳಂತೆ ವರ್ಷವರ್ಷವೂ ಹೊರಗಿನಿಂದ ಪದರು ಕಟ್ಟಿಕೊಂಡು ದಪ್ಪವಾಗುವುದಿಲ್ಲ. ಸುಳಿಯ ಬಳಿ ರೂಪುಗೊಳ್ಳುವಾಗ ಎಷ್ಟು ದಪ್ಪವಿತ್ತೋ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದ್ದರಿಂದ ನೀರು ಗೊಬ್ಬರ ಸಿಗದ ಕಾಲದಲ್ಲಿ ಬೆಳೆದ ಭಾಗ ಮುಂದೆ ಎಷ್ಟು ಉಣಿಸಿದರೂ ತುಂಬಿಕೊಳ್ಳುವುದಿಲ್ಲ. ಒಂದೊಂದು ಗರಿ ಉದುರಿದಾಗಲೂ ಕಾಂಡದ ಮೇಲೆ ಒಂದು ಉಂಗುರ ಉಳಿಯುತ್ತದೆ. ಚೆನ್ನಾಗಿ ಸಾಕಿದ ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ, ಬರದಲ್ಲಿ ಅದಕ್ಕಿಂತ ಕಡಿಮೆ.

ಮಾಲಿ ಸೋಗೆಯ ಹೊರೆ ಎತ್ತಿಕೊಂಡು ಹೋದ ಮೇಲೆ ನಾನು ಕುಕ್ಕರಗಾಲಿನಲ್ಲಿ ಕುಳಿತು ಆ ಸೊಂಟದ ಕೆಳಗಿನ ಅಂಚಿನಿಂದ ಉಂಗುರಗಳನ್ನು ಎಣಿಸತೊಡಗಿದೆ. ಮೊದಲು ಬೆರಳಗಲದ ಅಂತರದಲ್ಲಿದ್ದವು ಮೇಲೇರಿದಂತೆ ಒಂದರ ಮೇಲೊಂದು ಒತ್ತಿಕೊಂಡು, ಉಗುರಿನಿಂದ ಗೀರಿ ನೋಡದಿದ್ದರೆ ಬೇರೆಬೇರೆ ಎಂದು ತಿಳಿಯದಷ್ಟು ಸಣ್ಣಗಾದವು. ಮೂವತ್ತೆಂಟರಲ್ಲಿ ಲೆಕ್ಕ ತಪ್ಪಿತು. ಮತ್ತೆ ಕೆಳಗಿನಿಂದ ಶುರುಮಾಡಿದೆ.