ಅಮೆರಿಕದ ಸುಂಕ, ರಾಯಚೂರಿನ ಹತ್ತಿ

2025ರ ನವೆಂಬರ್‌ನಲ್ಲಿ ಕಾಕಾನ ಜೊತೆ ಹತ್ತಿ ಮಾರೋಕೆ ರಾಯಚೂರಿಗೆ ಹೋಗಿದ್ದೆ. ಹತ್ತಿ ಅವರದು, ಮೊಬೈಲ್ ಕೆಲಸ ನನ್ನದು. ಬೆಂಬಲ ಬೆಲೆಗೆ ಮಾರಬೇಕಂದ್ರೆ ಆ ವರ್ಷದಿಂದ ಕಪಾಸ್ ಕಿಸಾನ್ ಅನ್ನೋ ಆಪ್‌ನಲ್ಲಿ ಹೆಸರು ಬರೆಸಿ, ದಿನ ಗೊತ್ತು ಮಾಡಿಕೊಂಡು ಹೋಗಬೇಕಿತ್ತು. ಕಾಕಾಗೆ ಒಟಿಪಿ ಅಂದರೇನೇ ಸಿಟ್ಟು.

ಖರೀದಿ ಕೇಂದ್ರದಲ್ಲಿ ತೇವಾಂಶ ನೋಡಿದರು. ಶೇ 8 ಇದ್ದರೆ ಪೂರ್ತಿ ಬೆಲೆ, ಮೇಲೆ ಹೋದಂತೆ ಕಡಿತ, 12 ದಾಟಿದರೆ ತಗೊಳ್ಳೋದೇ ಇಲ್ಲ. ನಮ್ಮದು ದಾಟಿತ್ತು. ಆ ವರ್ಷ ನಮ್ಮ ಕಡೆ ಮಳೆ ಹೇಗೆ ಹೊಡೆದಿತ್ತು ಅಂತ ನಿಮಗೂ ಗೊತ್ತಲ್ವಾ? "ಒಣಗಿಸಿ ತನ್ರಿ" ಅಂದರು. ಎಲ್ಲಿ ಒಣಗಿಸೋದು? ಟ್ರ್ಯಾಕ್ಟರ್ ಬಾಡಿಗೆ ಯಾರು ಕೊಡ್ತಾರೆ? ಗಾಡಿ ಗಂಜ್ ಕಡೆ, ಅಂದರೆ ಎಪಿಎಂಸಿ ಮಾರುಕಟ್ಟೆ ಕಡೆ ತಿರುಗಿಸಿದೆವು. ಉದ್ದ ಎಳೆಯ ಹತ್ತಿಗೆ ಸರ್ಕಾರದ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ಗಂಜ್‌ನಲ್ಲಿ ನಮಗೆ ಸಿಕ್ಕಿದ್ದು 6,600.

ತೂಕಕ್ಕೆ ಪಾಳಿ ಬರೋವರೆಗೆ ಚಹಾದಂಗಡಿಯಲ್ಲಿ ಕೂತೆವು. ಅಲ್ಲಿ ದೊಡ್ಡ ಚರ್ಚೆ ನಡೆದಿತ್ತು. ರಷ್ಯಾದ ಎಣ್ಣೆ ಕೊಳ್ಳೋದನ್ನು ನೆಪ ಮಾಡಿ ಅಮೆರಿಕ ನಮ್ಮ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದ ವಿಷಯ. "ಟ್ರಂಪ್‌ಗೆ ಬಗ್ಗಲಿಲ್ಲ ನೋಡ್ರಿ ನಮ್ಮೋರು" ಅಂದ ಒಬ್ಬ. ಕಾಕಾ ಬಸಿ ಕೆಳಗಿಟ್ಟರು. "ಬಗ್ಗಲಿಲ್ಲ, ಖರೆ. ಹತ್ತಿ ರೇಟ್ ಯಾಕ ಬಗ್ಗೇತಿ ಮತ್ತ?"

ಅಲ್ಲಿದ್ದವರು ನಕ್ಕರು. ಆದರೆ ಪ್ರಶ್ನೆ ನಗೋವಂಥದ್ದಲ್ಲ.

ಆಗಸ್ಟ್ 15ರಂದು ಕೆಂಪು ಕೋಟೆ ಮೇಲೆ ನಿಂತು ಪ್ರಧಾನಿ ಮೋದಿಯವರು ರೈತರಿಗೆ, ಮೀನುಗಾರರಿಗೆ, ಹೈನುಗಾರರಿಗೆ ಗೋಡೆಯಂತೆ ನಿಲ್ಲುತ್ತೇನೆ ಅಂದರು. ಕೇಳಿ ನನಗೂ ಖುಷಿಯಾಗಿತ್ತು. ಆಗಸ್ಟ್ 19ರಿಂದ ಹೊರದೇಶದ ಹತ್ತಿಯ ಮೇಲಿದ್ದ ಶೇ 11 ಆಮದು ಸುಂಕವನ್ನೇ ತೆಗೆದರು. ಮೊದಲು ಸೆಪ್ಟೆಂಬರ್ 30ರವರೆಗೆ ಅಂದರು, ಆಮೇಲೆ ಡಿಸೆಂಬರ್ 31ರವರೆಗೆ ಮುಂದುವರಿಸಿದರು. ನಮ್ಮ ಕಡೆ ಸಣ್ಣ ರೈತರು ಹತ್ತಿ ಬಿಡಿಸಿ, ಮಾರಿ, ಸಾಲ ತೀರಿಸೋದು ಸರಿಯಾಗಿ ಅದೇ ತಿಂಗಳುಗಳಲ್ಲಿ. ನಮಗೆ ಹತ್ತಿ ಮಾರೋ ದೇಶಗಳಲ್ಲಿ ಅಮೆರಿಕವೂ ಒಂದು ಅನ್ನೋದು ಇನ್ನೊಂದು ತಮಾಷೆ.

ಸುಂಕ ತೆಗೆದದ್ದಕ್ಕೂ ಕಾರಣ ಇತ್ತು. ಅಮೆರಿಕಕ್ಕೆ ಬಟ್ಟೆ ಕಳಿಸೋ ಗಿರಣಿಗಳಿಗೆ ಹೊಡೆತ ಬಿದ್ದಿತ್ತು, ಅವರಿಗೆ ಕಚ್ಚಾಮಾಲು ಅಗ್ಗಕ್ಕೆ ಸಿಗಬೇಕಿತ್ತು. ನಮ್ಮ ಭಾವ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುತ್ತಾರೆ. "ನೂಲಿನ ರೇಟ್ ಇಳಿದ್ರ ನಮಗ ಚಲೋನ ಅಲ್ಲೇನು?" ಅಂತ ಅವರು ಕೇಳಿದರೆ ತಪ್ಪು ಅನ್ನೋಕಾಗಲ್ಲ. ಬೆಲೆ ಬೀಳೋಕೆ ಆಮದು ಸುಂಕ ತೆಗೆದದ್ದೊಂದೇ ಕಾರಣವೂ ಅಲ್ಲ. ಜಗತ್ತಿನ ಮಾರುಕಟ್ಟೆಯಲ್ಲೇ ಹತ್ತಿ ಇಳಿದಿತ್ತು.

ರಷ್ಯಾದ ಎಣ್ಣೆ ಕೊಳ್ಳೋದು ನಮ್ಮ ಹಕ್ಕು, ಅದರಲ್ಲಿ ನನಗೆ ಅನುಮಾನ ಇಲ್ಲ. ದೊಡ್ಡ ದೇಶ ಹೆದರಿಸಿದರೆ ಹೆದರಬಾರದು. ಆದರೆ ಆ ಗಟ್ಟಿತನಕ್ಕೆ ಖರ್ಚು ಬರುತ್ತೆ. ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ ಅಂತ ಮೊದಲೇ ಹೇಳಬೇಕು. ಗಿರಣಿಗೆ ನೆರವು ಬೇಕಿದ್ದರೆ ಖಜಾನೆಯಿಂದ ಕೊಡಬಹುದಿತ್ತು. ಕೇಂದ್ರದವರನ್ನು ಕೇಳಿದರೆ ರಾಜ್ಯದ ಕಡೆ ಕೈ ತೋರಿಸ್ತಾರೆ, ರಾಜ್ಯದವರು ದಿಲ್ಲಿ ಕಡೆ. ನಾವು ಟಿವಿ ಮುಂದೆ ಕೂತು ಚಪ್ಪಾಳೆ ಹೊಡೀತೀವಿ.

ತೂಕ ಮುಗಿದ ಮೇಲೆ ದಲಾಲಿ ಅಂಗಡಿಯ ಗುಮಾಸ್ತ ಪಕ್ಕಾ ಬಿಲ್ ಬದಲು ಬಿಳಿ ಚೀಟಿ ಕೊಟ್ಟ. ಅದರಲ್ಲಿ ಹಮಾಲಿಯ ಜೊತೆ ಕಮಿಷನ್ ಕೂಡ ಹಿಡಿದಿದ್ದ. ನಮ್ಮ ರಾಜ್ಯದ ಎಪಿಎಂಸಿ ಕಾನೂನಿನಂತೆ ಕಮಿಷನ್ ಖರೀದಿದಾರ ಕೊಡಬೇಕು, ರೈತನಿಂದ ಹಿಡಿಯೋ ಹಾಗಿಲ್ಲ. ನಾನು ಬಾಯಿ ತೆಗೆಯೋಷ್ಟರಲ್ಲಿ ಕಾಕಾ ಚೀಟಿ ಮಡಚಿ ಜೇಬಿಗಿಟ್ಟರು. ಬೀಜ, ಗೊಬ್ಬರಕ್ಕೆ ಸಾಲ ಕೊಟ್ಟದ್ದು ಅದೇ ಅಂಗಡಿ. ಮುಂದಿನ ಮುಂಗಾರಿಗೂ ಅವರೇ ಕೊಡಬೇಕು.

ನಮ್ಮಲ್ಲಿ ನೀತಿ ಕಾಯೋರಿಗೇನೂ ಕೊರತೆ ಇಲ್ಲ. ರಾಯಚೂರಿನ ಮಾವಿನಕೆರೆ ದಂಡೆ ಮೇಲೆ ಹುಡುಗ ಹುಡುಗಿ ಕೂತಿದ್ದರೆ ಸಂಸ್ಕೃತಿ ಹಾಳಾಯ್ತು ಅಂತ ಓಡಿ ಬರ್ತಾರೆ. ಹಾಡುಹಗಲೇ ಬಿಳಿ ಚೀಟಿ ಕೊಡೋದನ್ನು ನೋಡಿ ಅವರಲ್ಲಿ ಒಬ್ಬರಾದರೂ ಅದನ್ನು ಅನೀತಿ ಅಂದದ್ದನ್ನು ನಾನು ಕೇಳಿಲ್ಲ. ಚುನಾವಣೆ ಹಿಂದಿನ ರಾತ್ರಿ ಬರೋ ಐನೂರರ ನೋಟಿಗೂ ನಮ್ಮೂರಲ್ಲಿ ಆ ಹೆಸರಿಲ್ಲ. ಐನೂರು ತಗೊಂಡ ಮೇಲೆ ಹತ್ತಿ ಸುಂಕದ ಬಗ್ಗೆ ಕೇಳೋಕೆ ಬಾಯಿ ಬರುತ್ತಾ?

ವಾಪಸ್ ಬರುವಾಗ ಕಾಕಾ, ಮುಂದಿನ ಸಲ ಅರ್ಧ ಹೊಲಕ್ಕೆ ತೊಗರಿ ಹಾಕ್ತೀನಿ ಅಂದರು. ತೊಗರಿಯೂ ಸುಂಕವಿಲ್ಲದೆ ಬರ್ತಾ ಇದೆ, 2026ರ ಮಾರ್ಚ್ 31ರವರೆಗೆ ಅವಕಾಶ ಕೊಟ್ಟಿದ್ದಾರೆ ಅಂದೆ. ತೊಗರಿ ತರಿಸೋಕೆ ಮೊಜಾಂಬಿಕ್ ಅನ್ನೋ ಆಫ್ರಿಕಾದ ದೇಶದ ಜೊತೆ 2016ರಲ್ಲೇ ಒಪ್ಪಂದ ಆಗಿದೆ ಅಂತಲೂ ಹೇಳಿದೆ. ಕಾಕಾ ಸ್ವಲ್ಪ ಯೋಚಿಸಿ ಕೇಳಿದರು: "ಅಲ್ಲಿ ರೈತಗ ರೇಟ್ ಎಷ್ಟು ಸಿಗ್ತೈತಂತ?"