ತಪ್ಪು ಮಾಡಿದರು ಎಂಬುದಲ್ಲ ನನ್ನ ತಕರಾರು

‘ಕಭಿ ಅಲ್ವಿದಾ ನಾ ಕೆಹನಾ ಸಿನಿಮಾ ನಿಮಗ್ಯಾಕೆ ಹಿಡಿಸಲಿಲ್ಲ? ಮದುವೆಯಾದವರು ಬೇರೆಯವರನ್ನ ಪ್ರೀತಿಸಿದ್ದು ಸಹಿಸೋಕಾಗ್ಲಿಲ್ವಾ?’

ಉತ್ತರವನ್ನೂ ನೀವೇ ಹೇಳಿಬಿಟ್ಟ ಮೇಲೆ ನನ್ನನ್ನೇಕೆ ಕೇಳುತ್ತೀರಿ? ಅಂಥ ಸಂಬಂಧ ತೋರಿಸಿದ್ದಕ್ಕೆ ನನಗೆ ಬೇಸರವಿಲ್ಲ. ತೋರಿಸಲು ಹೊರಟ ನಿರ್ದೇಶಕರು ನಡುದಾರಿಯಲ್ಲಿ ಹೆದರಿದರಲ್ಲ, ಅದಕ್ಕೆ.

2006ರ ಆಗಸ್ಟ್‌ನಲ್ಲಿ ಬಂದ ಕರಣ್ ಜೋಹರ್ ನಿರ್ದೇಶನದ ಹಿಂದಿ ಚಿತ್ರವಿದು. ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ. ಆರಂಭ ಚೆನ್ನಾಗಿಯೇ ಇದೆ. ಮದುವಣಗಿತ್ತಿಯ ಅಲಂಕಾರದಲ್ಲಿ ಬೆಂಚಿನ ಮೇಲೆ ಒಬ್ಬಳೇ ಕೂತ ಮಾಯಾ (ರಾಣಿ ಮುಖರ್ಜಿ), ಮದುವೆಯಾದ ಮೇಲೆ ಪ್ರೀತಿ ಸಿಕ್ಕಿಬಿಟ್ಟರೆ ಎಂದು ಕೇಳುತ್ತಾಳೆ. ಹುಡುಕದಿದ್ದರೆ ಸಿಗುವುದಿಲ್ಲ ಎನ್ನುತ್ತಾನೆ ದೇವ್ (ಶಾರುಖ್ ಖಾನ್). ಅದೇ ದಿನ ಕಾರು ಗುದ್ದಿ ಅವನ ಫುಟ್‌ಬಾಲ್ ಬದುಕು ಮುಗಿಯುತ್ತದೆ; ಅವನ ಹೆಂಡತಿ ರಿಯಾ ತಾನು ಕೆಲಸ ಮಾಡುವ ಪತ್ರಿಕೆಯಲ್ಲಿ ಮೇಲೇರುತ್ತಾಳೆ. ಕುಂಟುತ್ತಾ, ಪುಟ್ಟ ಮಗನ ಮೇಲೂ ಸಿಡುಕುವ ದೇವ್‌ನ ಕಹಿಗೆ ಹೀಗೊಂದು ಬುಡವಿದೆ. ಮಾಯಾಳ ಪಾತ್ರಕ್ಕೆ ಅಷ್ಟು ಶ್ರಮವೇ ಬಿದ್ದಿಲ್ಲ. ಗಂಡ ರಿಷಿ ಒಳ್ಳೆಯವನು, ಆದರೂ ಪ್ರೀತಿ ಹುಟ್ಟಲಿಲ್ಲ, ಅಷ್ಟೇ. ರಿಷಿಯಾದ ಅಭಿಷೇಕ್ ಬಚ್ಚನ್ ನೋವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದರೆಂದರೆ ಪ್ರೇಕ್ಷಕರು ಅವನ ಕಡೆಗೇ ವಾಲಿದರು. ಪೋಷಕ ನಟನ ಫಿಲ್ಮ್‌ಫೇರ್ ಪ್ರಶಸ್ತಿಯೂ ಅವರಿಗೇ ಬಂತು.

ಕೇಳುವುದಿದ್ದರೆ ಹೀಗೆ ಕೇಳಿ: ಈ ಚಿತ್ರದಲ್ಲಿ ತೀರ್ಮಾನ ಮಾಡುವವರು ಯಾರು?

ದೇವ್, ಮಾಯಾ ಜೊತೆಯಾಗುವುದೇ ತಂತಮ್ಮ ಸಂಸಾರ ಉಳಿಸಿಕೊಳ್ಳುವ ನೆಪದಲ್ಲಿ. ಗುಟ್ಟು ಬಯಲಾಗುವುದು ಹಿರಿಯರ ಕಣ್ಣಿಗೆ ಬಿದ್ದು. ರಿಷಿಯನ್ನು ಬಿಟ್ಟುಬಿಡು ಎಂದು ಮಾಯಾಳಿಗೆ ಹೇಳುವುದು ಸಾವಿನ ಹಾಸಿಗೆಯಲ್ಲಿರುವ ಮಾವ, ಅಂದರೆ ರಿಷಿಯ ಅಪ್ಪ. ಆಮೇಲೆ ಇಬ್ಬರೂ ತಂತಮ್ಮ ಮನೆಯಲ್ಲಿ ನಿಜ ಹೇಳುತ್ತಾರೆ. ಇಡೀ ಚಿತ್ರದಲ್ಲಿ ಸ್ವಂತ ಧೈರ್ಯ ಕಾಣುವುದು ಅಲ್ಲೊಂದೇ ಕಡೆ. ಅದರ ಬೆನ್ನಲ್ಲೇ, ನನ್ನ ಮನೆಯಲ್ಲಿ ಕ್ಷಮಿಸಿದರು ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳಿ ದೂರವಾಗುತ್ತಾರೆ. ಮೂರು ವರ್ಷ ಹಾರಿಸಿ, ರಿಷಿಗೂ ರಿಯಾಗೂ ಬೇರೆ ಜೋಡಿ ಹುಡುಕಿಕೊಟ್ಟು, ಅವರ ಬಾಯಿಂದಲೇ ‘ಹೋಗಿ’ ಎಂದು ಹೇಳಿಸಿದ ಮೇಲಷ್ಟೇ ದೇವ್, ಮಾಯಾರಿಗೆ ರೈಲು ನಿಲ್ದಾಣದ ಮಿಲನ.

ಮೂರು ಗಂಟೆಗೂ ಮೀರಿದ ಚಿತ್ರದಲ್ಲಿ ಜಾಗಕ್ಕೇನು ಬರವಿತ್ತೇ? ಆ ಮೂರು ವರ್ಷ ಹಾರಿಸುವ ಬದಲು ಮೊದಲ ತಿಂಗಳನ್ನು ತೋರಿಸಬೇಕಿತ್ತು. ಮಗ ಅರ್ಜುನ್ ವಾರದಲ್ಲಿ ಎಷ್ಟು ದಿನ ಯಾರ ಮನೆಯಲ್ಲಿ ಮಲಗುತ್ತಾನೆ, ಅಪ್ಪ ಎಲ್ಲಿ ಎಂದು ಕೇಳಿದರೆ ರಿಯಾ ಏನು ಹೇಳುತ್ತಾಳೆ?