17ನೇ ನಿಮಿಷದ ಟಕ್

ದನಿ ರೆಕಾರ್ಡ್ ಮಾಡುವವರಿಗೆಲ್ಲ ಈ ಸದ್ದು ಗೊತ್ತು. ಓದು ಚೆನ್ನಾಗಿ ಸಾಗಿರುತ್ತದೆ, ನಡುವೆ ಎಲ್ಲೋ ಒಂದು ಕಡೆ ‘ಟಕ್’. ಮಾತಿನ ಒಂದು ಚೂರು ಮಾಯ. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಇದು ಶುರುವಾದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಯುಎಸ್‌ಬಿ ಕೇಬಲ್ ಬದಲಿಸಿದೆ. ವೈಫೈ ಆಫ್ ಮಾಡಿದೆ. ಬ್ರೌಸರ್ ಮುಚ್ಚಿದೆ. ಬಂದ ದನಿಯನ್ನು ತಂತ್ರಾಂಶ ಎತ್ತಿಕೊಳ್ಳುವವರೆಗೆ ಹಿಡಿದಿಡುವ ಜಾಗವನ್ನು, ಅಂದರೆ ಬಫರನ್ನು, 256 ಫ್ರೇಮಿನಿಂದ (ಫ್ರೇಮ್ ಅಂದರೆ ದನಿಯ ಒಂದು ಅಳತೆ) 512ಕ್ಕೆ ಏರಿಸಿದೆ. ಟಕ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಚಿಕ್ಕ ರೆಕಾರ್ಡಿಂಗ್‌ಗಳು ಹೆಚ್ಚಾಗಿ ಬಚಾವಾಗುತ್ತಿದ್ದವು. ಉದ್ದದವು ಸಿಕ್ಕಿಬೀಳುತ್ತಿದ್ದವು. ಹಾಗಾಗಿ ಪ್ರೊಸೆಸರ್ ಬಿಸಿಯಾಗಿ ಹೀಗಾಗುತ್ತಿದೆ ಅನ್ನೋ ಅನುಮಾನ ಬಲವಾಗಿತ್ತು. ಬಫರನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡದೆ ದನಿ ತಪ್ಪಿಹೋಗುವುದಕ್ಕೆ ಎಕ್ಸ್‌ರನ್ ಅಂತಾರೆ. ರೆಕಾರ್ಡಿಂಗ್ ತಂತ್ರಾಂಶ ಅದನ್ನು ಸಮಯದ ಸಮೇತ ಲಾಗ್‌ನಲ್ಲಿ ಬರೆದಿಡುತ್ತಿತ್ತು. ಒಂದು ದಿನ ಆ ಸಾಲುಗಳನ್ನಷ್ಟೇ ಹೆಕ್ಕಿ ಒಂದರ ಕೆಳಗೊಂದು ಇಟ್ಟು ನೋಡಿದೆ. 10:17:01. 11:17:01. 14:17:01. ಬಿಸಿಯಾದ ಪ್ರೊಸೆಸರ್ ಇಷ್ಟೊಂದು ಶಿಸ್ತಿನದ್ದಾಗಿರಲು ಸಾಧ್ಯವೇ ಇಲ್ಲ, ಅಲ್ವಾ?

ಡೆಬಿಯನ್ ಬಳಗದ ಲಿನಕ್ಸ್ ಬಳಸುವವರಿಗೆ ಈ 17 ಪರಿಚಿತ. ಗಂಟೆಗೊಮ್ಮೆ ಓಡಬೇಕಾದ ಕೆಲಸಗಳನ್ನೆಲ್ಲ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ತಂತ್ರಾಂಶ) ಅಲ್ಲಿ 17ನೇ ನಿಮಿಷಕ್ಕೇ ಓಡಿಸುತ್ತದೆ. ಆ ಕೆಲಸಗಳನ್ನು ಇಡುವ ಫೋಲ್ಡರ್ ತೆರೆದರೆ ಒಳಗೆ ಒಂದೇ ಒಂದು ಸಾಲಿನ ಸ್ಕ್ರಿಪ್ಟ್. ಈ ಕಂಪ್ಯೂಟರನ್ನು ನನಗಿಂತ ಮೊದಲು ಬಳಸಿದ್ದ ಯಾರೋ ಇಟ್ಟುಹೋಗಿದ್ದರು. ಎನ್‌ಟಿಪಿಡೇಟ್ ಅನ್ನುವ ಹಳೆಯ ಸಾಧನವನ್ನು ಕರೆದು, ನೆಟ್‌ನಿಂದ ಸರಿಯಾದ ಸಮಯ ತಂದು, ಕಂಪ್ಯೂಟರಿನ ಗಡಿಯಾರವನ್ನು ಒಂದೇ ಏಟಿಗೆ ಅಲ್ಲಿಗೆ ನೆಗೆಸುವುದು ಅದರ ಕೆಲಸ. ವ್ಯತ್ಯಾಸ ಚಿಕ್ಕದಿದ್ದರೆ ನಿಧಾನಕ್ಕೆ ಸರಿಸುವ ಬುದ್ಧಿ ಆ ಸಾಧನಕ್ಕೆ ಇದೆ. ಆದರೆ ಏನಿದ್ದರೂ ನೆಗೆಸಲೇಬೇಕು ಅನ್ನುವ ಆಯ್ಕೆಯನ್ನು ಪುಣ್ಯಾತ್ಮರು ಸೇರಿಸಿಬಿಟ್ಟಿದ್ದರು.

ಅನುಮಾನ ಬಗೆಹರಿಸಿಕೊಳ್ಳೋಣ ಅಂತ ರೆಕಾರ್ಡಿಂಗ್ ಶುರು ಮಾಡಿ, ಮೈಕ್ ಮುಂದೆ ಸುಮ್ನೆ ಒಂದು, ಎರಡು, ಮೂರು ಎಣಿಸುತ್ತಾ ಆ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದೆ. ಟಕ್. ಅಷ್ಟು ಖುಷಿಯಿಂದ ಆ ಸದ್ದನ್ನು ಯಾವತ್ತೂ ಕೇಳಿರಲಿಲ್ಲ.

ಆಗುತ್ತಿದ್ದದ್ದು ಇಷ್ಟು. ನನ್ನ ಕಂಪ್ಯೂಟರಿನ ಗಡಿಯಾರ ಗಂಟೆಗೆ ಸುಮಾರು 36 ಮಿಲಿಸೆಕೆಂಡ್ ಮುಂದೆ ಓಡುತ್ತಿತ್ತು. ಅಂದರೆ ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸ. ಗಡಿಯಾರಕ್ಕೆ ಮಿಡಿತ ಕೊಡುವ ಮಾಮೂಲಿ ಕ್ರಿಸ್ಟಲ್‌ಗೆ ಇದೇನೂ ಜಾಸ್ತಿಯಲ್ಲ. 17ನೇ ನಿಮಿಷಕ್ಕೆ ಸ್ಕ್ರಿಪ್ಟ್ ಬಂದು ಆ 36 ಮಿಲಿಸೆಕೆಂಡನ್ನು ಒಮ್ಮೆಲೇ ಹಿಂದಕ್ಕೆ ತಳ್ಳುತ್ತಿತ್ತು. ಇತ್ತ ರೆಕಾರ್ಡಿಂಗ್ ತಂತ್ರಾಂಶದ ಒಂದು ಥ್ರೆಡ್ (ತನ್ನಷ್ಟಕ್ಕೆ ಓಡುವ ಕೆಲಸದ ಎಳೆ) ‘ಇಂಥ ಹೊತ್ತಿಗೆ ಎಬ್ಬಿಸು’ ಅಂತ ಹೇಳಿ ಮಲಗಿರುತ್ತದೆ. ಗಡಿಯಾರ ಹಿಂದೆ ಹೋದರೆ ಆ ಹೊತ್ತು ಬರುವುದೇ ತಡ. 48000 ಹರ್ಟ್ಸ್‌ನಲ್ಲಿ 512 ಫ್ರೇಮ್ ಅಂದರೆ ಹನ್ನೊಂದು ಮಿಲಿಸೆಕೆಂಡೂ ಇಲ್ಲ. ಥ್ರೆಡ್ ಏಳುವಷ್ಟರಲ್ಲಿ ಬಫರ್ ತುಂಬಿ ಚೆಲ್ಲಿರುತ್ತಿತ್ತು. ಬಫರ್ ದುಪ್ಪಟ್ಟು ಮಾಡಿದರೂ ಯಾಕೆ ಪ್ರಯೋಜನವಾಗಲಿಲ್ಲ ಅಂತ ಆಗ ಅರ್ಥವಾಯಿತು.

ಸ್ಕ್ರಿಪ್ಟ್‌ನದು ಎಷ್ಟು ತಪ್ಪೋ ತಂತ್ರಾಂಶದ್ದೂ ಅಷ್ಟೇ ತಪ್ಪು ಅಂತ ನನಗನ್ನಿಸುತ್ತದೆ. ‘ಈಗ ಎಷ್ಟು ಗಂಟೆ’ ಅನ್ನೋದು ಒಂದು ಪ್ರಶ್ನೆ. ‘ಆಗಿನಿಂದ ಎಷ್ಟು ಹೊತ್ತಾಯಿತು’ ಅನ್ನೋದು ಬೇರೆಯೇ ಪ್ರಶ್ನೆ. ಲಿನಕ್ಸ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಗಡಿಯಾರಗಳಿವೆ. ಮೊದಲನೆಯದಕ್ಕೆ ರಿಯಲ್‌ಟೈಮ್, ಎರಡನೆಯದಕ್ಕೆ ಮೊನೊಟಾನಿಕ್. ಮೊನೊಟಾನಿಕ್ ಗಡಿಯಾರವನ್ನು ಯಾರೂ ಹಿಂದಕ್ಕೆ ನೆಗೆಸಲಾರರು. ಆಡಿಯೊದವರಿಗೆ ಬೇಕಾದದ್ದು ಅದೇ. ಆದರೆ ಥ್ರೆಡ್‌ಗಳನ್ನು ಕಾಯಿಸುವ ಸಾಮಾನ್ಯ ಕರೆ, ಬೇರೆ ಹೇಳದಿದ್ದರೆ, ರಿಯಲ್‌ಟೈಮನ್ನೇ ನೋಡುತ್ತದೆ. ಬರೆದವರು ಅದನ್ನು ಹಾಗೇ ಬಿಟ್ಟಿದ್ದರೆ ಯಾವತ್ತಾದರೂ ಹೀಗಾಗೇ ಆಗುತ್ತದೆ.

‘ಟೈಮ್ ಸಿಂಕ್ ಪೂರ್ತಿ ಆಫ್ ಮಾಡಿಬಿಡು’ ಅನ್ನೋ ಸಲಹೆಯೂ ಬಂತು. ರೆಕಾರ್ಡಿಂಗ್ ಮುಗಿಯುವವರೆಗೆ ಸರಿ, ಆಮೇಲೆ ಯಾಕೆ? ಸಮಯ ತೀರಾ ತಪ್ಪಿದರೆ ವೆಬ್‌ಸೈಟ್‌ಗಳ ಸರ್ಟಿಫಿಕೇಟೇ ಒಪ್ಪಿಗೆಯಾಗುವುದಿಲ್ಲ. ನಾನು ಆ ಸ್ಕ್ರಿಪ್ಟ್ ಅಳಿಸಿ ಸಮಯ ಸರಿಹೊಂದಿಸುವ ಕ್ರೋನಿ ಅನ್ನುವ ತಂತ್ರಾಂಶ ಹಾಕಿಕೊಂಡೆ. ಶುರುವಿನಲ್ಲಿ ದೊಡ್ಡ ವ್ಯತ್ಯಾಸವಿದ್ದರಷ್ಟೇ ಅದು ಗಡಿಯಾರವನ್ನು ನೆಗೆಸುತ್ತದೆ. ಆಮೇಲೆ ಗಡಿಯಾರದ ಓಟವನ್ನೇ ಚೂರು ಹೆಚ್ಚು ಕಡಿಮೆ ಮಾಡಿ ಸರಿದಾರಿಗೆ ತರುತ್ತದೆ. ಟಕ್ ನಿಂತಿತು.

ಇದಾದ ಮೇಲೆ ಒಬ್ಬ ಗೆಳೆಯ ಕೇಳಿದ: ‘ಹಾಗಾದ್ರೆ ಕ್ಯಾಮೆರಾ ವಿಡಿಯೊಗೂ ನನ್ನ ಆಡಿಯೊಗೂ ಗಂಟೆಯ ಕೊನೆಗೆ ತಾಳ ತಪ್ಪುತ್ತಲ್ಲ, ಅದಕ್ಕೂ ಕ್ರೋನಿ ಹಾಕಿದ್ರೆ ಸಾಕಾ?’ ಸಾಲದು. ಸೌಂಡ್ ಕಾರ್ಡಿಗೆ ತನ್ನದೇ ಕ್ರಿಸ್ಟಲ್ ಇದೆ. ಸೆಕೆಂಡಿಗೆ 48000 ಸ್ಯಾಂಪಲ್ ಎಣಿಸುವುದು ಅದು. ಕಂಪ್ಯೂಟರಿನ ಗಡಿಯಾರವನ್ನು ಎಷ್ಟೇ ಸರಿ ಮಾಡಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಒಂದು ಸಾಧನ ಹತ್ತು ಲಕ್ಷಕ್ಕೆ 50ರಷ್ಟು ಮುಂದೆ, ಇನ್ನೊಂದು ಅಷ್ಟೇ ಹಿಂದೆ ಓಡಿದರೆ ಒಂದು ಗಂಟೆಗೆ 0.36 ಸೆಕೆಂಡ್ ಅಂತರ ಬೀಳುತ್ತದೆ. ತುಟಿ ಒಂದು ಹೇಳಿದರೆ ಕಿವಿಗೆ ಇನ್ನೊಂದು ಕೇಳಿಸಲು ಅಷ್ಟು ಧಾರಾಳ ಸಾಕು.

ಎರಡನ್ನೂ ಒಂದೇ ವರ್ಡ್ ಕ್ಲಾಕಿಗೆ (ಎಲ್ಲ ಸಾಧನಗಳೂ ಒಂದೇ ಮಿಡಿತಕ್ಕೆ ಎಣಿಸುವಂತೆ ಮಾಡುವ ಸಂಕೇತ) ಕಟ್ಟುವಂಥ ಉಪಕರಣ ಇದ್ದವರಿಗೆ ಈ ತಾಪತ್ರಯವಿಲ್ಲ. ಗೆಳೆಯನ ಹತ್ತಿರ ಅದಿರಲಿಲ್ಲ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟು, ನಿಲ್ಲಿಸುವ ಮುಂಚೆ ಇನ್ನೊಂದು ತಟ್ಟು ಅಂದೆ. ಎರಡು ಚಪ್ಪಾಳೆಗಳ ನಡುವಿನ ಅವಧಿಯನ್ನು ಎರಡೂ ಫೈಲ್‌ಗಳಲ್ಲಿ ಅಳೆದು, ಆಡಿಯೊವನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಿದರೋ ಕುಗ್ಗಿಸಿದರೋ ಆಯಿತು. ಈ ಲೆಕ್ಕದಲ್ಲಿ ಶ್ರುತಿ ಕದಲಿದ್ದು ಯಾರ ಕಿವಿಗೂ ತಿಳಿಯುವುದಿಲ್ಲ.